ಹಿತ್ತಿಲ ಹಾವಸೆಗೆ ಮೈಲುತುತ್ತು ಬೇಡ

ಪ್ರಶ್ನೆ: ನಮ್ಮದು ತೀರ್ಥಹಳ್ಳಿ ತಾಲ್ಲೂಕಿನ ಹಳ್ಳಿ. ಹಿತ್ತಿಲಲ್ಲಿ 20 ಅಡಿ ಉದ್ದ, 15 ಅಡಿ ಅಗಲಕ್ಕೆ ಮೆಕ್ಸಿಕನ್ ಲಾನ್ ಹಾಕಿಸಿದ್ದೆವು. ಪಕ್ಕದಲ್ಲೇ ದೊಡ್ಡ ಹಲಸಿನ ಮರ. ಈಗ ಹುಲ್ಲಿಗಿಂತ ಹಾವಸೆಯೇ ಜಾಸ್ತಿ. ನರ್ಸರಿಯವರು ಎಲ್ಲ ಕಿತ್ತು ಹೊಸದು ಹಾಸೋಣ ಅನ್ನುತ್ತಾರೆ. ಅತ್ತೆ, ತೋಟಕ್ಕೆ ತಂದ ಮೈಲುತುತ್ತು (ತಾಮ್ರದ ಸಲ್ಫೇಟ್) ಉಳಿದಿದೆ, ಅದನ್ನೇ ಹೊಡಿ ಅನ್ನುತ್ತಾರೆ. ನನ್ನ ಕೈಯಲ್ಲಿರುವುದು 3000 ರೂಪಾಯಿ.

ಉತ್ತರ: ಆ ದುಡ್ಡನ್ನು ನರ್ಸರಿಗಂತೂ ಕೊಡಬೇಡಿ. ಮೆಕ್ಸಿಕನ್ ಹುಲ್ಲಿಗೆ ಬಿಸಿಲು ಬೇಕು, ನೀರು ಬಸಿಯಬೇಕು. ಹಲಸಿನ ನೆರಳಲ್ಲಿ ಹೊಸದು ಹಾಸಿದರೂ ಮುಂದಿನ ಆಶ್ಲೇಷ ಮಳೆ ಹೊತ್ತಿಗೆ ಇದೇ ಪಾಡು.

ಒಂದು ಹಿಡಿ ಹಾವಸೆ ಎಬ್ಬಿಸಿ ನೋಡಿ. ಹಳೇ ಕಂಬಳಿಯ ಹಾಗೆ ಇಡಿಯಾಗಿ ಎದ್ದು ಬರುತ್ತದೆ. ಕೆಳಗೆ ನಿಜವಾದ ಬೇರಿಲ್ಲ, ಸಣ್ಣ ಎಳೆಗಳಷ್ಟೇ. ಹುಲ್ಲನ್ನು ಅದು ಕೊಂದದ್ದಲ್ಲ, ಹುಲ್ಲು ಸೋತು ಬಿಟ್ಟ ಜಾಗದಲ್ಲಿ ಬಂದು ಕೂತದ್ದು. ಅದೇ ಜಾಗಕ್ಕೆ ಹಾರೆ ಊರಿ. ಗೇಣುದ್ದ ಸಲೀಸಾಗಿ ಇಳಿಯದಿದ್ದರೆ ಮಣ್ಣು ಗಟ್ಟಿಕಟ್ಟಿದೆ. ತೂತಿನಲ್ಲಿ ನೀರು ಒಸರಿ ನಿಂತರೆ ಬಸಿಯುತ್ತಿಲ್ಲ. ನಿಮ್ಮಲ್ಲಿ ಎರಡೂ ಇದ್ದೀತೆಂದು ನನ್ನ ಅನುಮಾನ. ಸೂರಿನ ನೀರೆಲ್ಲ ಹಿತ್ತಿಲಿಗೇ ಬೀಳುವ ಮನೆಗಳು ನಮ್ಮ ಕಡೆ ಕಡಿಮೆಯೇ?

ಹಾಗಾಗಿ ದುಡ್ಡಿನ ದೊಡ್ಡ ಪಾಲು ಆಳಿನ ಕೂಲಿಗೆ ಹೋಗಲಿ. ಸೂರಿನ ನೀರು ಹಿಡಿಯಲು ಅಡಿಕೆ ಮರ ಸೀಳಿದ ದೋಣಿ, ಲಾನಿನ ತಗ್ಗು ಬದಿಗೆ ಒಂದಡಿ ಆಳದ ಬಸಿಗಾಲುವೆ. ಹಲಸಿನ ಕೆಳಗೊಂಬೆ ಎರಡು ಮೂರು ಸವರಿಸಿ, ಸೊಪ್ಪು ಆಡಿಗೋ ದನಕ್ಕೋ ಆಯಿತು. ಆಮೇಲೆ ಹಾವಸೆ ಕೆರೆದು ತೆಗೆದು, ಗೇಣಿಗೊಂದರಂತೆ ಹಾರೆಯಲ್ಲಿ ತೂತು ಹೊಡೆದು ಮರಳು ಗುಡಿಸಿ ತುಂಬಿ.

ನಮ್ಮ ಮಲೆನಾಡಿನ ಮಣ್ಣು ಸಾಮಾನ್ಯವಾಗಿ ಹುಳಿ. ಮಣ್ಣು ಪರೀಕ್ಷೆಯಲ್ಲಿ ಪಿಎಚ್ 5.5ಕ್ಕಿಂತ ಕಡಿಮೆ ಬಂದರೆ ಹುಳಿ ತಗ್ಗಿಸಲು ಚದರ ಮೀಟರಿಗೆ 100 ಗ್ರಾಂ ಡಾಲಮೈಟ್ ಕಲ್ಲಿನ ಪುಡಿ ಎರಚಿ. ನಿಮಗೆ 3 ಕೆಜಿ ಸಾಕು. ಎಲೆಯಡಿಕೆಯ ಸುಣ್ಣ, ಗೋಡೆಗೆ ಬಳಿಯುವ ಸುಣ್ಣ ಬೇಡ, ಹುಲ್ಲು ಸುಟ್ಟೀತು. ಪುಡಿ ಗೊಬ್ಬರ ಮೂರು ವಾರ ಬಿಟ್ಟು ಹಾಕಿ.

ಅತ್ತೆಯವರು ಹೇಳಿದ್ದು ಪೂರ್ತಿ ಸುಳ್ಳಲ್ಲ, ಮೈಲುತುತ್ತಿಗೆ ಹಾವಸೆ ಸಾಯುತ್ತದೆ. ಆದರೆ ತಾಮ್ರ ಮಣ್ಣಲ್ಲೇ ಉಳಿದು ಎರೆಹುಳಕ್ಕೆ ಮುಳುವಾಗುತ್ತದೆ. ಗಟ್ಟಿ ಮಣ್ಣನ್ನು ಕೂಲಿಯಿಲ್ಲದೆ ಸಡಿಲ ಮಾಡುವವು ಅವೇ. 100 ಲೀಟರ್ ನೀರಿಗೆ ತಲಾ 1 ಕೆಜಿ ಮೈಲುತುತ್ತು, ಸುಣ್ಣ ಬೆರೆಸಿ ಕೊಳೆರೋಗಕ್ಕೆ ಅಡಿಕೆ ಗೊನೆಗೆ ಹೊಡೆಯುವ ಲೆಕ್ಕವೇ ಬೇರೆ. ಉಳಿದದ್ದು ಬರುವ ವರ್ಷದ ಔಷಧಿಗಿರಲಿ.

ಹಲಸಿನ ಬುಡದಲ್ಲಿ ಆರೇಳು ಅಡಿಯಷ್ಟು ಲಾನಿನ ಆಸೆ ಬಿಟ್ಟುಬಿಡಿ. ಅಲ್ಲಿ ಸುಗಂಧಿ, ಒಂದೆಲಗ, ಕಾಲುವೆ ಬದಿಗೆ ಕೆಸು. ಗಡ್ಡೆ ಕೇಳಿದರೆ ಇಲ್ಲವೆನ್ನುವ ಮಲೆನಾಡಿನ ಹೆಂಗಸನ್ನು ನಾನಂತೂ ಕಂಡಿಲ್ಲ. ಆಷಾಢಕ್ಕೆ ಪತ್ರೊಡೆಯೂ ಆಯಿತು. ಅರೆನೆರಳಿನ ಜಾಗಕ್ಕೆ ಅಡಿಕೆ ತೋಟದಲ್ಲಿ ತಾನಾಗಿ ಹಬ್ಬುವ ಅಗಲೆಲೆಯ ಹುಲ್ಲನ್ನೇ ತಂದು ನೆಡಿ. ನರ್ಸರಿಯವರು ಅದನ್ನೇ ಕಾರ್ಪೆಟ್ ಗ್ರಾಸ್ ಎಂದು ಮಾರುವುದು! ಎರಡು ಇಂಚಿಗಿಂತ ಗಿಡ್ಡ ಕತ್ತರಿಸಬೇಡಿ.

ಪ್ರಶ್ನೆ: ಬಾವಿಕಟ್ಟೆ ಮೆಟ್ಟಿಲು ಜಾರುತ್ತದೆ. ಬ್ಲೀಚಿಂಗ್ ಪೌಡರ್ ಹಾಕಬಹುದೇ?

ಉತ್ತರ: ತೊಳೆದ ನೀರು ಬಾವಿಗೆ ಇಳಿಯುವ ಜಾಗದಲ್ಲಿ ಬೇಡ. ಕುದಿನೀರು ಹೊಯ್ದು ತಂತಿ ಬ್ರಷ್‌ನಲ್ಲಿ ತಿಕ್ಕಿ. ಮಳೆಗಾಲ ಮುಗಿಯುವ ತನಕ ಅಂಗಳಕ್ಕೆ ಹಾಕುವ ಹಾಗೆ ಅಲ್ಲಿಗೂ ಅಡಿಕೆ ಮರ ಸೀಳಿದ ನಾಲ್ಕು ದಬ್ಬೆ ಹಾಕಿಬಿಡಿ, ಅಲುಗದಂತೆ ಕಟ್ಟಿ.