ನಿಮ್ಮ ಕತೆಯ ಹುಡುಗನನ್ನು ಯಾರೂ ಸರಿಯಾಗಿ ಕೇಳಲಿಲ್ಲ

ನಮಸ್ಕಾರ.

ನಿಮ್ಮ ಕತೆಯನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಪ್ರಕಟಿಸಲಾರೆ, ಕೈಬಿಡಲೂ ಮನಸ್ಸಿಲ್ಲ.

ಕಾಸರಗೋಡಿನ ಪೆರ್ಲದ ಆಚೆ ಗೇರುತೋಟದ ಅಂಚಿನ ಮನೆ, ಬುದ್ಧಿಮಾಂದ್ಯ ಮಕ್ಕಳ ಬಡ್ಸ್ ಶಾಲೆಗೆ ಹೋಗುವ 17ರ ಹುಡುಗ. ಅಕ್ಕನ ಮದುವೆಯಾದ ಮೇಲೆ ಊಟ ಬಿಡುತ್ತಾನೆ, ಗೋಡೆಗೆ ತಲೆ ಚಚ್ಚಿಕೊಳ್ಳುತ್ತಾನೆ. ಅಮ್ಮ 'ಅವನಿರುವುದೇ ಹಾಗೆ' ಎನ್ನುತ್ತಾಳೆ. ಇಷ್ಟು ಬಹಳ ಚೆನ್ನಾಗಿದೆ. ಎಲ್ಲವನ್ನೂ ಬುದ್ಧಿಮಾಂದ್ಯತೆಯ ಲೆಕ್ಕಕ್ಕೆ ಹಾಕಿ ಖಿನ್ನತೆಯನ್ನು ಗಮನಿಸದೆ ಹೋಗುವ ತಪ್ಪು ವೈದ್ಯರಿಂದಲೂ ಆಗುತ್ತದೆ. ಆದರೆ ನೀವೇ ಮುಂದೆ 'ಸಾವೆಂದರೇನೆಂದು ಅರಿಯದ ಮುಗ್ಧ' ಎಂದು ಬರೆದಿದ್ದೀರಿ. ಆ ಸಾಲು ಹೊಡೆದುಹಾಕಿ. ಇಂಥ ಮಕ್ಕಳಿಗೂ ಸಾಯಬೇಕು ಅನಿಸುತ್ತದೆ. ಸತ್ತವರು ಮರಳುವುದಿಲ್ಲ ಎಂಬುದು ಅವರಲ್ಲಿ ಕೆಲವರಿಗೆ ಪೂರ್ತಿ ತಿಳಿದಿರದು. ಅಷ್ಟಕ್ಕೇ ಅಪಾಯವಿಲ್ಲ ಎನ್ನಲಾಗದು.

ಗೇರುತೋಟಗಳಿಗೆ ಸಿಂಪಡಿಸುತ್ತಿದ್ದ ಕೀಟನಾಶಕ ಎಂಡೋಸಲ್ಫಾನಿನ ಮೂರು ಪುಟಗಳನ್ನು ಒಂದು ಪ್ಯಾರಾಕ್ಕೆ ಇಳಿಸಿ. ಹೆಲಿಕಾಪ್ಟರ್ ಸಿಂಪಡಣೆ ನಿಂತದ್ದು 2000ದಲ್ಲಿ, ನಿಮ್ಮ ಹುಡುಗ ಹುಟ್ಟಿದ್ದು ಆಮೇಲೆ. ಅವನ ಈಗಿನ ಸಂಕಟ ಅಕ್ಕ ಮನೆ ಬಿಟ್ಟು ಹೋದದ್ದರದು.

ಕತೆ ಇರುವುದು ಆಸ್ಪತ್ರೆಯಲ್ಲಿ, ಅದಕ್ಕೆ ನೀವು ಕೊಟ್ಟದ್ದು ನಾಲ್ಕೇ ಸಾಲು. ಡಾಕ್ಟರು ಮಲಯಾಳದಲ್ಲಿ ಕೇಳುತ್ತಾರೆ, ತುಳು ಹುಡುಗ ಎಲ್ಲದಕ್ಕೂ 'ಅಂದ್', ಅಂದರೆ ಹೌದು, ಎನ್ನುತ್ತಾನೆ. ಎದುರಿಗಿದ್ದವರನ್ನು ಮೆಚ್ಚಿಸಲು ಹೌದೆನ್ನುವುದು ಇವರಲ್ಲಿ ಸಾಮಾನ್ಯ. ಡಾಕ್ಟರಿಗೆ ಅದು ಹೊಳೆಯಲಿ. ಅವನ ಭಾಷೆಯವರೊಬ್ಬರನ್ನು ಕರೆಸಲಿ. ಒಂದು ಸಣ್ಣ ಪ್ರಶ್ನೆ ಕೇಳಿ ಸುಮ್ಮನೆ ಕಾಯಲಿ, ಅದನ್ನೇ ತಿರುಗಿಸಿ ಇನ್ನೊಮ್ಮೆ ಕೇಳಲಿ, ಮುಖಗಳ ಚಿತ್ರ ತೋರಿಸಲಿ. 'ಎರಡು ವಾರದಿಂದಲಾ?' ಎಂದರೆ ಅವನಿಗೆ ಗೊತ್ತಾಗದು; 'ಅಕ್ಕ ಹೋದ ಮೇಲಾ, ಭೂತಕೋಲಕ್ಕೆ ಮೊದಲಾ?' ಎಂದರೆ ಗೊತ್ತಾಗುತ್ತದೆ. ಅಪ್ಪ ಅಡ್ಡ ಬಂದು 'ಸಾಯುವ ಮಾತೆತ್ತಬೇಡಿ, ಅದೇ ತಲೆಗೆ ಹೊಕ್ಕೀತು' ಎನ್ನಲಿ. ಆ ಭಯ ನಮ್ಮೆಲ್ಲ ಮನೆಗಳಲ್ಲಿದೆ. ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ ಎಂದು ಡಾಕ್ಟರು ಹೇಳಿ, ಹುಡುಗನ ಜೊತೆ ಬೇರೆಯಾಗಿಯೂ ಕೂರಲಿ.

ಕೊನೆಯ ಪುಟದಲ್ಲಿ ಅವನು ಏನು ಮಾಡಿಕೊಂಡ, ಹೇಗೆ ಎಂಬ ವಿವರ ಬೇಡವೇ ಬೇಡ. ಓದುವವರಲ್ಲಿ ಅಂಥದೇ ಹುಡುಗನೊಬ್ಬ ಇರಬಹುದು. ಅಪ್ಪ ತೋಟದ ಔಷಧವನ್ನು ಬೀಗದೊಳಗಿಡುವಲ್ಲಿಗೆ ನಿಲ್ಲಿಸಿ.

ನೆರೆಮನೆಯ ಹುಡುಗನನ್ನು ನೋಡಿ ಬರೆದೆ ಎಂದಿದ್ದೀರಿ. ಹಾಗಾದರೆ ಕತೆ ಕಾಯಲಿ. ಇವತ್ತೇ ಅವನ ಪಕ್ಕ ಕೂತು ಕೇಳಿ, ಅವನ ಮನೆಯವರಿಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ ನಂಬರು 14416 ಕೊಡಿ. ತಿದ್ದಿದ ಪ್ರತಿ ಆಮೇಲೆ ಕಳಿಸಿದರೂ ಸಾಕು.