ಓದುಗರ ಪ್ರಶ್ನೆ: ಮೋಟಾರ್ ಸೈರನ್ನೋ, ಎಲೆಕ್ಟ್ರಾನಿಕ್ ಸೈರನ್ನೋ?

ಪ್ರಶ್ನೆ: ನೆರೆಯ ಮುನ್ನೆಚ್ಚರಿಕೆಗೆ ಬಯಲಲ್ಲಿ ಸೈರನ್ ನಿಲ್ಲಿಸಬೇಕಿದೆ. ಒಬ್ಬರು 120 ಡೆಸಿಬೆಲ್‌ನ ಮೋಟಾರ್ ಸೈರನ್ ತೋರಿಸುತ್ತಾರೆ, ಇನ್ನೊಬ್ಬರು 130 ಡೆಸಿಬೆಲ್‌ನ ಎಲೆಕ್ಟ್ರಾನಿಕ್ ಸೈರನ್. ಯಾವುದು ಮೇಲು?

ಉತ್ತರ: ಎಷ್ಟು ದೂರದಲ್ಲಿ ಅಳೆದದ್ದು ಎಂದು ಮೊದಲು ಇಬ್ಬರನ್ನೂ ಕೇಳಿ. ದೊಡ್ಡ ಸೈರನ್‌ಗಳನ್ನು ಸಾಮಾನ್ಯವಾಗಿ 30 ಮೀಟರ್ ದೂರದಲ್ಲಿ ಅಳೆಯುತ್ತಾರೆ. ಅದೇ ಸೈರನ್ನಿಗೆ ಒಂದು ಮೀಟರ್‌ನ ಲೆಕ್ಕ ಹಾಕಿದರೆ ಸುಮಾರು 30 ಡೆಸಿಬೆಲ್ ಹೆಚ್ಚು ಬರುತ್ತದೆ. ದೂರ ಬರೆಯದ ಅಂಕಿಯನ್ನು ನಂಬಲೇಬೇಡಿ.

ಇಬ್ಬರದೂ 30 ಮೀಟರ್‌ನ ಅಳತೆಯೇ ಆಗಿದ್ದರೆ ವ್ಯತ್ಯಾಸ ದೊಡ್ಡದು. ಯೋಜನೆ ಮಾಡುವಾಗ, ದೂರ ದುಪ್ಪಟ್ಟಾದಾಗಲೆಲ್ಲ 10 ಡೆಸಿಬೆಲ್ ಇಳಿಯುತ್ತದೆ ಎಂದು ಹಿಡಿಯುತ್ತಾರೆ. ಆ ಲೆಕ್ಕದಲ್ಲಿ 70 ಡೆಸಿಬೆಲ್ ಉಳಿಯುವುದು, 120ರ ಸೈರನ್ನಿಗೆ 960 ಮೀಟರ್‌ವರೆಗೆ, 130ರದ್ದಕ್ಕೆ 1,920 ಮೀಟರ್‌ವರೆಗೆ. ಗುಡ್ಡ, ಕಟ್ಟಡ, ಎದುರುಗಾಳಿ ಇದ್ದರೆ ಇನ್ನೂ ಕಡಿಮೆ.

ಮೋಟಾರ್ ಸೈರನ್ನಿನಲ್ಲಿ ತಿರುಗುವ ರೋಟರ್ ಗಾಳಿಯನ್ನು ಕತ್ತರಿಸಿ ಕತ್ತರಿಸಿ ಹೊರದೂಡುತ್ತದೆ. 10 ಕಿಂಡಿಯ ರೋಟರ್ ನಿಮಿಷಕ್ಕೆ 2,880 ಸುತ್ತು ಹೊಡೆದರೆ 480 ಹರ್ಟ್ಸ್‌ನ ದನಿ ಹುಟ್ಟುತ್ತದೆ. ಭಾಗಗಳು ಕಡಿಮೆ. ಬೇರಿಂಗ್‌ಗೆ ಗ್ರೀಸ್, ಡಿಸಿ ಮೋಟಾರ್ ಆದರೆ ಬ್ರಷ್, ಹಕ್ಕಿಗೂಡು ತಡೆಯಲು ಜಾಲರಿ: ಇಷ್ಟು ನೋಡಿಕೊಂಡರೆ ಬಹುಕಾಲ ಬಾಳುತ್ತದೆ. ಆದರೆ ಮಾತಾಡಲಾರದು. ಎಸಿ ಮೋಟಾರಿನದಾದರೆ ಕರೆಂಟ್ ಹೋದ ಕೂಡಲೇ ಮೂಕ. ನೆರೆಯಲ್ಲಿ ಮೊದಲು ಹೋಗುವುದೇ ಕರೆಂಟ್.

ಎಲೆಕ್ಟ್ರಾನಿಕ್ ಸೈರನ್ ಬ್ಯಾಟರಿಯಿಂದ ನಡೆಯುತ್ತದೆ, 'ಎತ್ತರಕ್ಕೆ ಹೋಗಿ' ಎಂದು ಹೇಳಲೂಬಲ್ಲದು. ಮಾತು ಸ್ಪಷ್ಟವಾಗುವ ದೂರ ಮಾತ್ರ ಕೂಗು ಕೇಳುವ ದೂರಕ್ಕಿಂತ ತೀರಾ ಕಡಿಮೆ. ಎರಡು ಕಂಬಗಳ ದನಿ ಮುಂದೆಹಿಂದೆ ತಲುಪಿದರಂತೂ ಮಾತು ಕಲಸಿಹೋಗುತ್ತದೆ. ಇದರ ನಿಜವಾದ ಅಪಾಯ ಬೇರೆಯೇ ಇದೆ: ದನಿ ಹೊರಡಿಸುವ ಸ್ಪೀಕರ್ ಘಟಕಗಳು, ಅಂದರೆ ಡ್ರೈವರ್‌ಗಳು, ಅರ್ಧದಷ್ಟು ಸುಟ್ಟುಹೋದರೂ ಕೂಗು ನಿಲ್ಲುವುದಿಲ್ಲ, ಮುಟ್ಟುವ ದೂರ ಕುಗ್ಗುತ್ತದೆ. ಕಂಬದ ಕೆಳಗೆ ನಿಂತವರಿಗೆ ಅದು ಗೊತ್ತೇ ಆಗದು. ಪ್ರತಿ ಡ್ರೈವರ್‌ನ ಕರೆಂಟ್ ಅಳೆದು ವರದಿ ಕೊಡುವ ಕಂಟ್ರೋಲರ್ ಇಲ್ಲದಿದ್ದರೆ ಕೊಳ್ಳಬೇಡಿ. ಅದಿದ್ದರೆ, ನೆರೆಯ ಕೆಲಸಕ್ಕೆ ನಮ್ಮ ಆಯ್ಕೆ ಇದೇ.

ಪ್ರಶ್ನೆ: ಕಿಟಕಿ ಮುಚ್ಚಿದ ಮನೆಯೊಳಗೆ ನಮ್ಮ ಸೈರನ್ ಕೇಳುವುದಿಲ್ಲ. ದೋಷವೇ?

ಉತ್ತರ: ಅಲ್ಲ. ಈ ಸೈರನ್‌ಗಳು ಹೊರಗಿರುವವರಿಗಾಗಿ. ಒಳಗಿರುವವರಿಗೆ ಮೊಬೈಲ್ ಸಂದೇಶ, ರೇಡಿಯೊ ಬೇಕೇ ಬೇಕು.

ಪ್ರಶ್ನೆ: ಎಲೆಕ್ಟ್ರಾನಿಕ್ ಸೈರನ್ನಿನ ಬ್ಯಾಟರಿಗಳು 51 ವೋಲ್ಟ್ ತೋರಿಸುತ್ತವೆ, ಆದರೂ ಕೂಗು ಕೆಲ ಕ್ಷಣದಲ್ಲೇ ನಿಂತುಹೋಗುತ್ತದೆ. ಯಾಕೆ?

ಉತ್ತರ: 12 ವೋಲ್ಟ್‌ನ ನಾಲ್ಕು ಬ್ಯಾಟರಿ ಸಾಲಾಗಿ ಜೋಡಿಸಿದ ಸೈರನ್ ಇರಬೇಕು. ಲೋಡ್ ಇಲ್ಲದಾಗ, ಅಂದರೆ ಸೈರನ್ ಕೂಗದೆ ಸುಮ್ಮನಿದ್ದಾಗ, ಸೋತ ಬ್ಯಾಟರಿಯೂ ಸರಿಯಾಗಿಯೇ ಕಾಣುತ್ತದೆ. ಚಾರ್ಜರ್ ತೆಗೆದು, ಕಿವಿಗೆ ರಕ್ಷಣೆ ಹಾಕಿಕೊಂಡು, ಕೂಗಿಸುತ್ತಲೇ ಒಂದೊಂದನ್ನೂ ಬೇರೆಬೇರೆ ಅಳೆಯಿರಿ. ಮೂರು 12ರ ಆಸುಪಾಸಿನಲ್ಲಿದ್ದು ಒಂದು 10ಕ್ಕಿಂತ ಕೆಳಗೆ ಕುಸಿದರೆ ಕಳ್ಳ ಸಿಕ್ಕಂತೆ. ಅದೊಂದನ್ನೇ ಬದಲಿಸಬೇಡಿ, ಹಳೆಯದರ ಜೊತೆ ಹೊಸದು ಸೇರಿದರೆ ಚಾರ್ಜ್ ಸಮನಾಗಿ ಹಂಚಿಕೆಯಾಗದೆ ಹೊಸದೂ ಬೇಗ ಕೆಡುತ್ತದೆ. ನಾಲ್ಕನ್ನೂ ಒಟ್ಟಿಗೆ, ಒಂದೇ ಬಗೆಯವನ್ನೇ ಹಾಕಿ. ಟರ್ಮಿನಲ್‌ನ ಬಿಳಿ ಹುಡಿ ಉಜ್ಜಿ ತೆಗೆದು ಬಿಗಿ ಮಾಡುವುದನ್ನು ಮರೆಯಬೇಡಿ.