ಹಳ್ಳಿ ಪೋಸ್ಟಿಂಗ್ ದಂಡವೇನಲ್ಲ

ಎಂಬಿಬಿಎಸ್ ಮುಗಿಯಿತು, ಯಾದಗಿರಿ ಕಡೆ ಪಿಎಚ್‌ಸಿಗೆ (ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ) ಒಂದು ವರ್ಷದ ಕಡ್ಡಾಯ ಸೇವೆ ಬಂತು, ಸ್ನಾತಕೋತ್ತರ ಪ್ರವೇಶ ಪರೀಕ್ಷೆ ಪಿಜಿ ನೀಟ್‌ಗೆ ಓದುವ ಹೊತ್ತಲ್ಲಿ ಇದು ದಂಡ ಅಲ್ವಾ ಎಂದು ಕೇಳಿದ್ದೀರಿ. ಈ ಸೇವೆಯನ್ನು ಕಡ್ಡಾಯ ಮಾಡಿದ 2012ರ ಕಾಯ್ದೆಯನ್ನು ನಾನೂ ಸಾಕಷ್ಟು ಬೈದಿದ್ದೇನೆ, ಅದು ಇರಲಿ. ಮೊದಲ ವಾರವೇ ಫಾರ್ಮಸಿಸ್ಟ್ ಜೊತೆ ಕೂತು ಹಾವಿನ ವಿಷ ಇಳಿಸುವ ಇಂಜೆಕ್ಷನ್ ಎಷ್ಟು ವಯಲ್ (ಸಣ್ಣ ಬಾಟಲಿ) ಇದೆ, ಅದಕ್ಕೆ ಅಲರ್ಜಿಯಾದರೆ ಕೊಡಬೇಕಾದ ಅಡ್ರಿನಲಿನ್ ಇದೆಯಾ, ಎಕ್ಸ್‌ಪೈರಿ ಯಾವಾಗ ಎಂದು ನೋಡಿಕೊಳ್ಳಿ. ಮಳೆಗಾಲದಲ್ಲಿ ಹಾವು ಕಚ್ಚಿದವರು ಹೊಲದಿಂದ ನೇರ ನಿಮ್ಮ ಹತ್ತಿರವೇ ಬರುತ್ತಾರೆ, ವಿಷ ಏರಿದ್ದರೆ ಮೊದಲಿಗೇ ಸುಮಾರು 10 ವಯಲ್ ಬೇಕು, ಆಗ ಬೀರುವಿನ ಕೀಲಿ ಹುಡುಕುತ್ತಾ ನಿಂತರೆ ಕಥೆ ಮುಗಿಯಿತು. ಹೆರಿಗೆ ಕೆಲಸವನ್ನು ಹಳೆಯ ನರ್ಸಕ್ಕನಿಂದ ಕಲಿಯಿರಿ, ಡಾಕ್ಟರ್ ಎಂಬ ಜಂಬ ಬೇಡ. ಓದುವುದಕ್ಕೆ? ಮಧ್ಯಾಹ್ನ ಒಪಿಡಿ (ಹೊರರೋಗಿ ವಿಭಾಗ) ಖಾಲಿಯಾದ ಮೇಲೆ ಹೊತ್ತು ಸಿಗುತ್ತದೆ, ಮೊಬೈಲ್ ಪಕ್ಕಕ್ಕಿಟ್ಟರೆ.